ಮನೆ ವೆಲ್ಡಿಂಗಿಗೆ ತಾನಾಗೇ ಕಪ್ಪಾಗೋ ಹೆಲ್ಮೆಟ್

ಕೇಳುಗರಿಗೆಲ್ಲಾ ನಮಸ್ಕಾರ. ಹೋದ ವರ್ಷ ಮಳೆ ಹಿಡಿಯೋಕೆ ಮುಂಚೆ ಆಲ್ದೂರು ಹತ್ರ ನಮ್ಮ ತೋಟದ ಗೇಟು ಕೆಳಗಡೆ ಕಿತ್ಕೊಂಡು ನೇತಾಡ್ತಿತ್ತು, ವೆಲ್ಡಿಂಗ್‌ನೋರು ಬರೋಕೆ ನಾಕು ದಿನ ಆಗುತ್ತೆ ಅಂದ್ರು, ಮನೇಲೇ ಸಣ್ಣ ಇನ್ವರ್ಟರ್ ವೆಲ್ಡಿಂಗ್ ಮಿಷನ್ ಇತ್ತಲ್ಲ ಅಂತ ನಾನೇ ಕೂತೆ. ಒಂದು ಕೈಲಿ ಕಪ್ಪು ಗಾಜಿನ ಶೀಲ್ಡು, ಇನ್ನೊಂದು ಕೈಲಿ ವೆಲ್ಡಿಂಗ್ ರಾಡ್ ಸಿಕ್ಕಿಸೋ ಹೋಲ್ಡರು, ಕಬ್ಬಿಣದ ಪಟ್ಟಿ ಹಿಡ್ಕೊಳ್ಳೋಕೆ ನನ್ನ ತಮ್ಮನ ಮಗ. ಆ ಗಾಜಲ್ಲಿ ಕಿಡಿ ಹೊತ್ತೋವರೆಗೂ ಏನೂ ಕಾಣಲ್ಲ, ಅದಕ್ಕೆ ಮೊದ್ಲು ರಾಡಿನ ತುದಿ ಜಾಗಕ್ಕೆ ತಂದು ಆಮೇಲೆ ಶೀಲ್ಡ್ ಅಡ್ಡ ಹಿಡಿಯೋದು, ಅಷ್ಟರಲ್ಲಿ ಚಟ್ ಅಂತ ಹೊತ್ತಿರೋದು. ಹಿಂಗೆ ಹತ್ತು ಹನ್ನೆರಡು ಸಲ. ಆಗ ಏನೂ ಆಗ್ಲಿಲ್ಲ. ರಾತ್ರಿ ಹನ್ನೊಂದಕ್ಕೆ ರೆಪ್ಪೆ ಒಳಗೆ ಮರಳು ತುಂಬಿದಂಗಾಗಿ ಎದ್ದು ಕೂತೆ, ಲೈಟ್ ಹಾಕಿದ್ರೆ ಕಣ್ಣು ಬಿಡೋಕಾಗ್ತಿಲ್ಲ, ಪಕ್ಕದ ರೂಮಲ್ಲಿ ಹುಡುಗನೂ ಅಳ್ತಿದ್ದಾನೆ.

ಆ ಬೆಳಕಲ್ಲಿರೋ ಅಲ್ಟ್ರಾವಯಲೆಟ್ ಕಿರಣ ಕಣ್ಣಿನ ಮೇಲ್ಪದರನ ಸುಡುತ್ತೆ, ಆದ್ರೆ ನೋವು ಶುರುವಾಗೋದು ಎಷ್ಟೋ ಗಂಟೆ ಆದ್ಮೇಲೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮಾಯುತ್ತೆ. ಎದೆಹಾಲು, ಆಲೂಗಡ್ಡೆ ರಸ ಅಂತೆಲ್ಲಾ ಹಾಕ್ತಾರೆ, ದಯವಿಟ್ಟು ಬೇಡ, ಡಾಕ್ಟ್ರ ಹತ್ರ ಹೋಗಿ.

ದಿನಾ ವೆಲ್ಡಿಂಗ್ ಮಾಡೋರಿಗೆ ಕೈ ಕೂತಿರುತ್ತೆ, ಕತ್ತಲಲ್ಲೂ ರಾಡ್ ಸರಿಯಾಗಿ ಇಳಿಸ್ತಾರೆ. ವರ್ಷಕ್ಕೆ ನಾಕು ಸಲ ಮಾಡೋ ನಮ್ಮಂಥೋರಿಗೆ ಆ ಶುರು ಮಾಡೋ ಕ್ಷಣನೇ ಕಷ್ಟ, ಏಟು ಬೀಳೋದೂ ಅಲ್ಲೇ. ಅದಕ್ಕೇ ಮನೇಲಿ ಮಾಡೋರಿಗೇ ಆಟೋ ಡಾರ್ಕನಿಂಗ್ ಹೆಲ್ಮೆಟ್ ಜಾಸ್ತಿ ಬೇಕು ಅಂತೀನಿ ನಾನು. ಹಾಕ್ಕೊಂಡೇ ಕೆಲಸ ನೋಡ್ಬಹುದು, ಕಿಡಿ ಹೊತ್ತಿದ ತಕ್ಷಣ ಗಾಜು ತಾನೇ ಕಪ್ಪಾಗುತ್ತೆ, ಎರಡೂ ಕೈ ಖಾಲಿ ಸಿಗುತ್ತೆ. 1981ರಲ್ಲಿ ಸ್ವೀಡನ್‌ನೋರು ಇದನ್ನ ಮಾರೋಕೆ ಶುರು ಮಾಡಿದ್ರು, ಆಗ ದುಬಾರಿ, ಈಗ ಎರಡು ಸಾವಿರದ ಆಸುಪಾಸಲ್ಲೂ ಸಿಗುತ್ತೆ.

ಗಾಜು ಕಪ್ಪಾಗೋದು ಒಂದು ಕ್ಷಣ ತಡ ಆದ್ರೆ ಕಣ್ಣು ಹೋಯ್ತಲ್ಲ ಅಂತ ತುಂಬಾ ಜನ ಕೇಳ್ತಾರೆ. ಒಳ್ಳೇ ಹೆಲ್ಮೆಟ್‌ನಲ್ಲಿ ಅಲ್ಟ್ರಾವಯಲೆಟ್ ಮತ್ತೆ ಇನ್ಫ್ರಾರೆಡ್ ತಡೆಯೋ ಪದರ ಬೇರೇನೇ ಇರುತ್ತೆ, ಬ್ಯಾಟರಿ ಸತ್ತಿದ್ರೂ ಅದು ಕೆಲಸ ಮಾಡುತ್ತೆ. ಕಪ್ಪಾಗೋದು ಒಳಗಿರೋ ಎಲ್ಸಿಡಿ, ಕ್ಯಾಲ್ಕ್ಯುಲೇಟರಲ್ಲಿ ಇರುತ್ತಲ್ಲ ಆ ಥರದ್ದು, ಅದು ಕಣ್ಣು ಕೋರೈಸೋ ಬೆಳಕನ್ನ ತಡೆಯುತ್ತೆ. ಹಾಗಾಗಿ ಡಬ್ಬದ ಮೇಲೆ ಕಪ್ಪಾಗೋಕೆ ಸೆಕೆಂಡಿನ 25,000ದಲ್ಲಿ ಒಂದು ಭಾಗ ಸಾಕು ಅಂತ ದೊಡ್ಡದಾಗಿ ಬರೆದಿರೋದಕ್ಕೆ ಮರುಳಾಗ್ಬೇಡಿ.

ನೀವು ಎಣಿಸ್ಬೇಕಾಗಿರೋದು ಸೆನ್ಸರ್, ಅಂದ್ರೆ ಕಿಡಿ ಹೊತ್ತಿದ್ದನ್ನ ಗುರುತಿಸೋ ಭಾಗ. ಗಾಜಿನ ಸುತ್ತ ಸಣ್ಣ ಕಣ್ಣಿನಂಗೆ ಇರುತ್ತೆ, ಎರಡು ಇರುತ್ತೆ ಇಲ್ಲಾ ನಾಕು. ಗೇಟಿನ ಸಂದಿಯಲ್ಲಿ, ಪೈಪಿನ ಹಿಂದೆ ಬಗ್ಗಿ ಮಾಡುವಾಗ ಒಂದು ಮರೆಯಾಗುತ್ತೆ, ಎರಡೂ ಮರೆಯಾದ್ರೆ ಗಾಜು ಮಧ್ಯದಲ್ಲೇ ತಿಳಿಯಾಗಿ ಕಣ್ಣಿಗೆ ಹೊಡೆಯುತ್ತೆ. ನಾಕು ಇರೋದನ್ನೇ ತಗೊಳ್ಳಿ, ದುಡ್ಡು ಜಾಸ್ತಿಯಾದ್ರೂ ಪರವಾಗಿಲ್ಲ. ಅಂಗಡಿಯಿಂದ ಆಚೆ ಬಂದು ಹೆಲ್ಮೆಟ್ಟನ್ನ ಬಿಸಿಲಿಗೆ ತಿರುಗಿಸಿ, ಬಹಳಷ್ಟು ಆಗ್ಲೇ ಕಪ್ಪಾಗುತ್ತೆ, ಎಲ್ಲಾ ಕಡೆ ಒಂದೇ ಸಮ ಇದೆಯಾ ನೋಡಿ.

ಇಎನ್ 379 ಅಂತ ಯುರೋಪಿನ ಗುಣಮಟ್ಟದ ಗುರುತಿದ್ರೆ ಜೊತೆಗೆ ನಾಕು ಅಂಕಿ ಇರುತ್ತೆ, 1/1/1/2 ಅಂತಲೋ 1/2/1/2 ಅಂತಲೋ, ಅಂಕಿ ಕಮ್ಮಿ ಇದ್ದಷ್ಟೂ ನೋಟ ಸ್ಪಷ್ಟ. ಕಪ್ಪಿನ ಮಟ್ಟ ತಿರುಗಿಸೋ ಗುಂಡಿ 9ರಿಂದ 13ರವರೆಗೆ ಇರುತ್ತೆ, ಅಂಕಿ ಹೆಚ್ಚಿದಷ್ಟೂ ಗಾಜು ಕಪ್ಪು. ಮನೇಲಿ ಎರಡೂವರೆ ಎಂಎಂ ರಾಡು, 80 ಆಂಪಿಯರ್ ಹತ್ರ ಅಂದ್ರೆ 10 ಸಾಕು, ದಪ್ಪ ರಾಡ್‌ಗೆ 11. ಇನ್ನೊಂದು ಗುಂಡಿ ಸೆನ್ಸಿಟಿವಿಟಿ, ಅಂದ್ರೆ ಎಷ್ಟು ಸಣ್ಣ ಬೆಳಕಿಗೆ ಗಾಜು ಕಪ್ಪಾಗ್ಬೇಕು ಅನ್ನೋದು, ಇದನ್ನ ಕಮ್ಮಿ ಆಂಪಿಯರಲ್ಲಿ ಮಾಡುವಾಗ ಜಾಸ್ತಿ ಇಡಿ. ಗ್ರೈಂಡ್ ಅನ್ನೋ ಕಡೆ ಇಟ್ರೆ ಗಾಜು ಕಪ್ಪಾಗೋದೇ ಇಲ್ಲ, ಗ್ರೈಂಡರ್ ಕೆಳಗಿಟ್ಟು ರಾಡ್ ಎತ್ತಿಕೊಳ್ಳೋ ಮುಂಚೆ ವಾಪಸ್ ತಿರುಗಿಸಿದ್ದೀರಾ ಅಂತ ಪ್ರತೀ ಸಲ ಮುಟ್ಟಿ ನೋಡಿ.

ಬ್ಯಾಟರಿ ಬದಲಾಯಿಸೋಕೆ ಬರೋದೇ ಇರ್ಲಿ, ಸೋಲಾರ್ ಒಂದೇ ನಂಬ್ಕೊಂಡಿರೋದು ಬೇಡ. ನಮ್ಮ ಮಲೆನಾಡಿನ ಜೂನ್ ಜುಲೈಲಿ ಚಪ್ಪಲಿಗೇ ಬೂಷ್ಟು ಬರುತ್ತೆ, ಹೆಲ್ಮೆಟ್ಟನ್ನ ಒಣಬಟ್ಟೇಲಿ ಸುತ್ತಿ ಡಬ್ಬದಲ್ಲಿಡಿ, ಒಲೆ ಮೇಲಿನ ಅಟ್ಟದಲ್ಲಿಟ್ರೆ ಹೊಗೆ ಹಿಡಿಯುತ್ತೆ. ಮುಂದಿರೋ ತೆಳು ಪ್ಲಾಸ್ಟಿಕ್ ಕವರ್ ಕಿಡಿ ಬಿದ್ದು ಬಿದ್ದು ಮಬ್ಬಾಗುತ್ತೆ, ಕೊಳ್ಳುವಾಗ್ಲೇ ಅದರದ್ದು ನಾಕೈದು ಜಾಸ್ತಿ ತಗೊಂಡಿಡಿ.

ನಮ್ಮನೇಲಿ ಈಗ ಎರಡು ಹೆಲ್ಮೆಟ್ ಇದೆ. ಎರಡನೇದು ಪಟ್ಟಿ ಹಿಡ್ಕೊಳ್ಳೋ ಹುಡುಗನಿಗೆ. ಅವನು ಹಾಕ್ಕೊಂಡು ತಲೆ ಹಿಂದಿನ ತಿರುಪು ಬಿಗಿ ಮಾಡ್ಕೊಂಡು "ಹೂಂ ದೊಡ್ಡಪ್ಪ" ಅನ್ನೋವರೆಗೂ ನಾನು ಮಿಷನ್ ಸ್ವಿಚ್ ಹಾಕಲ್ಲ. ನಮಸ್ಕಾರ.