ನಾಯಿಯ ಊಟ ಬದಲಾಯಿಸೋಕೆ ಹತ್ತು ದಿನ

ಕೇಳುಗರಿಗೆ ನಮಸ್ಕಾರ. ತೋಟದ ಮನೆಯಲ್ಲಿ, ಕೊಟ್ಟಿಗೆ ಬಾಗಿಲಲ್ಲಿ, ಪೇಟೆ ಮನೆಯ ಗೇಟಿನೊಳಗೆ ನಾಯಿ ಸಾಕಿರುವ ಎಲ್ಲರಿಗೂ ಇವತ್ತಿನ ಮಾತು. ಹಸಿ ಮಾಂಸ ಒಳ್ಳೇದಾ, ಅಂಗಡಿಯ ಡಾಗ್ ಫುಡ್ ಒಳ್ಳೇದಾ ಅನ್ನೋ ಪ್ರಶ್ನೆ ಸಕಲೇಶಪುರದಿಂದ ಕಡೂರಿನ ತನಕ ಎಲ್ಲ ಕಡೆ ಇದೆ. ಎರಡನ್ನೂ ತಿಂದು ನಾಯಿ ಚೆನ್ನಾಗಿ ಬದುಕುತ್ತೆ. ಹೊಟ್ಟೆ ಕೆಡೋದು ಒಂದರಿಂದ ಇನ್ನೊಂದಕ್ಕೆ ರಾತ್ರೋರಾತ್ರಿ ಹಾರಿದಾಗ. ಊಟ ಬದಲಾಯಿಸೋಕೆ ಹತ್ತು ದಿನ ತಗೊಳ್ಳಿ. ಇದೊಂದು ಮಾತು ಮನೆಗೆ ಹೋಗಲಿ.

ಊಟ ಹೇಗೆ ಅರಗಿತು ಅಂತ ಹೇಳೋದು ಮಲ. ದಯವಿಟ್ಟು ಮುಖ ಸಿಂಡರಿಸಬೇಡಿ. ಸಗಣಿ ನೋಡಿಯೇ ಹಸುವಿಗೆ ಅಜೀರ್ಣ ಅಂತ ಹೇಳಬಲ್ಲ ರೈತ, ನಾಯಿಯ ಮಲವನ್ನು ದಾಟಿಕೊಂಡು ಹೋಗ್ತಾನೆ. ಬೆಳಿಗ್ಗೆ ಒಂದು ನಿಮಿಷ ನಿಂತು ನೋಡಿ. ಆಕಾರ ಹಿಡಿದಿರಬೇಕು, ಎತ್ತಿದಾಗ ನೆಲಕ್ಕೆ ಅಂಟಬಾರದು, ಮೇಲೆ ಸಣ್ಣ ಬಿರುಕು ಇದ್ದರೆ ಇನ್ನೂ ಒಳ್ಳೇದು.

ಡಾಗ್ ಫುಡ್ ಅಂದರೆ ಒಣ ಕಾಳು. ನೂರು ಗ್ರಾಂನಲ್ಲಿ ನೀರು ಹತ್ತೇ ಗ್ರಾಂ. ಮಾಂಸದ ಜೊತೆಗೆ ಜೋಳ, ಅಕ್ಕಿ, ಗೋಧಿ, ನಾರು ಸೇರಿರುತ್ತೆ. ಅರಗದ ನಾರು ನೀರು ಹೀರಿ ಉಬ್ಬಿ ಹೊರಗೆ ಬರುತ್ತೆ. ಅದಕ್ಕೇ ಮಲ ಜಾಸ್ತಿ, ದಿನಕ್ಕೆ ಎರಡು ಮೂರು ಸಲ. ಪಕ್ಕದಲ್ಲಿ ನೀರಿನ ಬಟ್ಟಲು ಯಾವಾಗಲೂ ತುಂಬಿರಬೇಕು. ಹಸಿ ಮಾಂಸದಲ್ಲಿ ನೀರೇ ನೂರಕ್ಕೆ ಎಪ್ಪತ್ತು ಪಾಲು, ಉಳಿದದ್ದು ಹೆಚ್ಚುಕಮ್ಮಿ ಎಲ್ಲ ಅರಗುತ್ತೆ. ಮಲ ಚಿಕ್ಕದು, ಗಟ್ಟಿ, ವಾಸನೆ ಕಮ್ಮಿ. ಒಂದು ದಿನ ಹೋಗದಿದ್ದರೂ ಅದು ಮಲಬದ್ಧತೆ ಅಲ್ಲ. ಮೂಳೆ ಸೇರಿದ್ದರೆ ಒಣಗಿದ ಮೇಲೆ ಬೆಳ್ಳಗಾಗಿ ಪುಡಿಯಾಗುತ್ತೆ, ಅದು ಮೂಳೆಯ ಸುಣ್ಣ.

ಈಗ ಹತ್ತು ದಿನದ ಮಾತು. ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ಜಿಮ್ಮಿ ಅಂತ ಲ್ಯಾಬ್ರಡಾರ್. ನಾಲ್ಕು ವರ್ಷ, ಮೂವತ್ತು ಕೆಜಿ, ಮರಿಯಿಂದಲೂ ಡಾಗ್ ಫುಡ್. ಭಾನುವಾರ ಬೆಂಗಳೂರಿಂದ ಬಂದ ಭಾವಮೈದ, "ಭಾವ, ನಾಯಿ ಅಂದ್ರೆ ತೋಳದ ಜಾತಿ, ಹಸಿ ಮಾಂಸ ಹಾಕಿ" ಅಂದ. ಸೋಮವಾರವೇ ಕೋಳಿ ಅಂಗಡಿಯಿಂದ ಒಂದು ಕೆಜಿ ಕತ್ತು, ಬೆನ್ನು, ಚರ್ಮ ತಂದು ಒಂದೇ ಹೊತ್ತಿಗೆ ಸುರಿದರು. ಜಿಮ್ಮಿ ಎರಡು ನಿಮಿಷದಲ್ಲಿ ತಟ್ಟೆ ನೆಕ್ಕಿತು. ಮಂಗಳವಾರ ಬೆಳಿಗ್ಗೆ ಕಾಫಿ ಕಣದ ತುಂಬ ನೀರು ನೀರಾಗಿ ಭೇದಿ, ಮೇಲೆ ಎಣ್ಣೆಯ ಪಸೆ. ಆ ಪಸೆ ಅರಗದೆ ಉಳಿದ ಚರ್ಮದ ಕೊಬ್ಬು. "ರೀ, ಇದಕ್ಕೆ ಮಾಂಸ ಆಗಿಬರಲ್ಲ" ಅಂದರು ಮನೆಯವರು. ಬುಧವಾರ ಮೊಸರನ್ನ. ಗುರುವಾರ ಹತ್ತು ಸಲ ಕೂತರೂ ಬಂದಿದ್ದು ಚಮಚದಷ್ಟು ಅಂಟಂಟು ಲೋಳೆ. ಲೋಳೆ ಬಂತು ಅಂದರೆ ದೊಡ್ಡ ಕರುಳು ಕೆರಳಿದೆ ಅಂತ ಅರ್ಥ. ಆಗ ತೋಟದ ಲೆಕ್ಕ ಬರೆಯುವ ರೈಟರು, "ಮೂಳೆ ಹಾಕಿ ಸಾರ್, ಗಟ್ಟಿಯಾಗುತ್ತೆ" ಅಂದರು. ಗಟ್ಟಿಯಾಯಿತು. ಶುಕ್ರವಾರ ಕುರಿ ಮೂಳೆ ತಿಂದ ಜಿಮ್ಮಿಗೆ ಶನಿವಾರ, ಭಾನುವಾರ, ಸೋಮವಾರ ಮಲವೇ ಇಲ್ಲ. ಬೆನ್ನು ಬಾಗಿಸಿ ಕೂರುತ್ತೆ, ತಿಣುಕುತ್ತೆ, ಕುಂಯ್‌ಗುಡುತ್ತೆ. ಮಂಗಳವಾರ ಎನಿಮಾ ಕೊಟ್ಟಾಗ ಬಿದ್ದಿದ್ದು ಸೀಮೆಸುಣ್ಣದಂಥ ಬಿಳಿ ತುಂಡುಗಳು, ತುದಿಯಲ್ಲಿ ರಕ್ತ.

ಐದು ದಿನದಲ್ಲಿ ಮೂರು ಸಲ ಊಟ ಬದಲು! ತಪ್ಪು ಮಾಂಸದ್ದೂ ಅಲ್ಲ, ಮೊಸರನ್ನದ್ದೂ ಅಲ್ಲ. ಮೇದೋಜೀರಕ ಗ್ರಂಥಿ ಸುರಿಸುವ ರಸ ದಿನಾ ಸಿಗುವ ಊಟಕ್ಕೆ ಹೊಂದಿಕೊಂಡಿರುತ್ತೆ, ಕರುಳಿನ ಸೂಕ್ಷ್ಮಾಣುಗಳೂ ಅಷ್ಟೆ. ಹಸಿರು ಮೇವಿಂದ ಒಣ ಹುಲ್ಲಿಗೆ ಒಮ್ಮೆಲೇ ಹೋದರೆ ಹಸು ಹಾಲು ಇಳಿಸೋದಿಲ್ವೇ? ಹಾಗೇ ಇದು. ಇನ್ನು ಆ ತೋಳದ ಮಾತು. ಪಿಷ್ಟ ಅರಗಿಸುವ ಜೀನ್ ನಾಯಿಯಲ್ಲಿ ತೋಳಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಪ್ರತಿಗಳಿವೆ ಅಂತ 2013ರಲ್ಲೇ ಗೊತ್ತಾಗಿದೆ. ನಮ್ಮ ನಾಯಿಗಳು ರಾಗಿಮುದ್ದೆ ತಿಂದೇ ಬೆಳೆದಿಲ್ವೇ?

ಪೆನ್ನು ಇದ್ದರೆ ಬರ್ಕೊಳ್ಳಿ. ಇಪ್ಪತ್ತು ಕೆಜಿ ತೂಕದ, ಬೆಳೆದ ನಾಯಿ. ದಿನಕ್ಕೆ ಡಾಗ್ ಫುಡ್ ಆದರೆ ಸುಮಾರು 300 ಗ್ರಾಂ, ಹಸಿ ಊಟ ಆದರೆ ಅರ್ಧ ಕೆಜಿ. ಮೊದಲ ಮೂರು ದಿನ 225 ಗ್ರಾಂ ಕಾಳು, 125 ಗ್ರಾಂ ಮಾಂಸ. ನಾಲ್ಕರಿಂದ ಆರನೇ ದಿನ 150, 250. ಏಳರಿಂದ ಒಂಬತ್ತು 75, 375. ಹತ್ತನೇ ದಿನ ಪೂರ್ತಿ ಮಾಂಸ. ಅದರಲ್ಲಿ ಮೂಳೆ 50 ಗ್ರಾಂ, ಲಿವರ್ 25 ಗ್ರಾಂ, ಚರ್ಮ ಬೇಡ. ಮಾಂಸದಿಂದ ಕಾಳಿಗೆ ಬರೋದಾದರೆ ಇದೇ ಲೆಕ್ಕ ಹಿಂದುಮುಂದು. ತಕ್ಕಡಿಯಲ್ಲಿ ತೂಗಿ, ಕೈಯಳತೆ ಬೇಡ. ನಡುವೆ ಮಲ ಸಡಿಲವಾದರೆ ಹಿಂದಿನ ಮೆಟ್ಟಿಲಿಗೆ ಇಳಿದು ಎರಡು ದಿನ ನಿಲ್ಲಿ, ಬೇಯಿಸಿದ ಸಿಹಿಗುಂಬಳ ಎರಡು ಚಮಚ ಬೆರೆಸಿ. ಈರುಳ್ಳಿ, ಒಗ್ಗರಣೆ ಯಾವುದೂ ಬೇಡ. ಆತುರಪಟ್ಟು ಮೂರನೇ ಊಟಕ್ಕೆ ಮಾತ್ರ ಹೋಗಬೇಡಿ. ಹತ್ತು ದಿನ!

ಸಮಯ ಕಮ್ಮಿ ಇದೆ, ಉಳಿದದ್ದು ಬೇಗ ಹೇಳ್ತೀನಿ. ಬೇಯಿಸಿದ ಮೂಳೆ ಚೂಪಾಗಿ ಸೀಳುತ್ತೆ, ಕರುಳಿಗೆ ಚುಚ್ಚುತ್ತೆ, ಕೊಡಲೇಬೇಡಿ. ಮರಿಗೆ ಬರೀ ಮಾಂಸ ಹಾಕಿದರೆ ಸುಣ್ಣದಂಶ ಸಾಲದೆ ಕಾಲು ಸೊಟ್ಟಗಾಗುತ್ತೆ. ಕುರಿಯ ಲಿವರ್, ಶ್ವಾಸಕೋಶದಲ್ಲಿ ನೀರುಗುಳ್ಳೆ ಕಂಡರೆ ನಾಯಿಗೆ ಹಾಕಬೇಡಿ, ಆಳವಾಗಿ ಹೂತುಬಿಡಿ. ಅದರೊಳಗಿನ ಲಾಡಿಹುಳು ನಾಯಿಯ ಹೊಟ್ಟೆಯಲ್ಲಿ ಬೆಳೆದು, ಅದರ ಮೊಟ್ಟೆ ಮಲದಿಂದ ನಮ್ಮ ಬಾಯಿಗೆ ಬಂದು, ನಮ್ಮ ಲಿವರಿನಲ್ಲೂ ಗುಳ್ಳೆ ಕಟ್ಟುತ್ತೆ. ಚೆನ್ನಾಗಿ ಕಂಡ ಲಿವರನ್ನೂ ತುಂಡು ಮಾಡಿ 40 ನಿಮಿಷ ಕುದಿಸಿಯೇ ಹಾಕಿ. ಹಸು ಈದ ಮೇಲೆ ಬೀಳುವ ಸತ್ತೆಯನ್ನು ನಾಯಿ ಎಳೆದಾಡೋಕೆ ಬಿಡಬೇಡಿ. ಅದರಲ್ಲಿ ರೋಗಾಣು ಇದ್ದು, ಆ ನಾಯಿಯ ಮಲ ಮೇವಿಗೆ ತಾಗಿದರೆ ಹಸು ಕಂದು ಹಾಕಬಹುದು, ಅಂದರೆ ಗರ್ಭ ಜಾರಬಹುದು. ಹಾಲಿನ ಮನೆಯವರು ಇದನ್ನು ಗಮನದಲ್ಲಿಡಿ.

ಮಲೆನಾಡಿನ ಮಳೆಗಾಲದಲ್ಲಿ ಡಾಗ್ ಫುಡ್ ಚೀಲದ ಬಾಯಿ ತೆರೆದಿಟ್ಟರೆ ಬೂಷ್ಟು ಹಿಡಿಯುತ್ತೆ, ಆ ಬೂಷ್ಟಿನ ವಿಷ ಲಿವರಿಗೆ ಹೋಗುತ್ತೆ. ಚೀಲದ ಸಮೇತ ಬಿಗಿ ಮುಚ್ಚಳದ ಡಬ್ಬಕ್ಕೆ ಹಾಕಿ, ತೆರೆದ ಮೇಲೆ ತಿಂಗಳೊಳಗೆ ಮುಗಿಸಿ. ನಾಯಿಯ ಮಲ ಸೊಪ್ಪಿನ ಮಡಿಗೆ ಗೊಬ್ಬರ ಅಲ್ಲ, ಜಂತುಹುಳುವಿನ ಮೊಟ್ಟೆ ಮಣ್ಣಲ್ಲಿ ವರ್ಷಗಟ್ಟಲೆ ಬದುಕುತ್ತೆ. ಬಾವಿ, ಹಳ್ಳದಿಂದ ದೂರ ಒಂದು ಅಡಿ ಗುಂಡಿ ತೆಗೆದು ಹೂಳಿ.

ಟಾರಿನಂತೆ ಕಪ್ಪು ಮಲ, ಮರಿಯಲ್ಲಿ ರಕ್ತಭೇದಿ, ವಾಂತಿಯ ಜೊತೆ ಮಲಕ್ಕೆ ತಿಣುಕುವುದು, ಇವು ಕಂಡರೆ ಕಾಯಬೇಡಿ, ಅವತ್ತೇ ಪಶು ಆಸ್ಪತ್ರೆಗೆ ಹೋಗಿ. ಹೋಗುವಾಗ ಅಂದಿನ ಮಲ ಒಂದು ಚಮಚದಷ್ಟು, ಮಣ್ಣು ತಾಗದ ಭಾಗ, ಒಣಗಿದ ಸಣ್ಣ ಡಬ್ಬಿಯಲ್ಲಿ ಹಾಕಿ ತನ್ನಿ. ಡಬ್ಬಿಗೆ ಒಂದು ಚೀಟಿ ಅಂಟಿಸಿ. ಏನು ತಿನ್ನುತ್ತಿತ್ತು, ಯಾವತ್ತು ಬದಲಾಯಿಸಿದಿರಿ, ಎಷ್ಟು ಗ್ರಾಂ ಹಾಕಿದಿರಿ, ಈ ಮೂರನ್ನು ಅದರಲ್ಲಿ ಬರೆಯಿರಿ. ನಮಸ್ಕಾರ.