‘ಏನೂ ಇಲ್ಲ, ಟೆನ್ಶನ್ ಅಷ್ಟೇ’

[ದೃಶ್ಯ: ಬೆಂಗಳೂರಿನ ರಿಂಗ್ ರೋಡ್. ಸ್ಕೂಟರ್ ಮೇಲೆ ಕೂತವರಿಗೆ ಕಾಣುವ ಹಾಗೆ. ಮುಂದೆ ಒಂದು ಆಟೋ.]

ಬೆಳಗ್ಗೆ ಒಂಬತ್ತೂವರೆ. ನೀವು ಸ್ಕೂಟರ್‌ನಲ್ಲಿ ಆಫೀಸಿಗೆ ಹೊರಟಿದ್ದೀರಿ. ಮುಂದಿದ್ದ ಆಟೋ ಇಂಡಿಕೇಟರ್ ಕೂಡ ಹಾಕದೆ ಗಕ್ಕನೆ ನಿಂತಿತು. ಬ್ರೇಕ್ ಹಿಡಿದಿರಿ, ಬಚಾವಾದಿರಿ. ಆದರೆ ಎದೆ ಝಲ್ಲೆಂದಿತು. ಬಾಯಿ ಒಣಗಿತು. ಅಂಗೈ ಬೆವೆತು ತಣ್ಣಗಾಯಿತು. ಆಟೋದವರಿಗೆ ಬೈಯೋಣ ಅಂದರೆ ಮಾತೇ ಹೊರಡಲಿಲ್ಲ.

ನಮಸ್ಕಾರ. ಇವತ್ತು ಈ ‘ಝಲ್’ ಬಗ್ಗೆ ಮಾತಾಡೋಣ.

ಎರಡು ವರ್ಷದ ಹಿಂದೆ ನನಗೆ ಆಟೋ ಇಲ್ಲದೆಯೇ ಹೀಗೆ ಆಗುತ್ತಿತ್ತು. ಎದೆ ಢವಢವ, ಹೊಟ್ಟೆಯಲ್ಲಿ ಸಂಕಟ. ಇಸಿಜಿ ಆಯಿತು, ರಕ್ತ ಪರೀಕ್ಷೆ ಆಯಿತು, ಸ್ಕ್ಯಾನಿಂಗೂ ಆಯಿತು. ಎಲ್ಲಾ ನಾರ್ಮಲ್. ಡಾಕ್ಟರು ನಕ್ಕು, ‘ಏನೂ ಇಲ್ಲ, ಟೆನ್ಶನ್ ಅಷ್ಟೇ’ ಅಂದರು. ಸಮಾಧಾನ ಆಯಿತು, ನಿಜ. ಆದರೆ ಆ ‘ಅಷ್ಟೇ’ ತಲೆಯಲ್ಲೇ ಉಳಿಯಿತು. ಏನೂ ಇಲ್ಲದಿದ್ದರೆ ಹೊಟ್ಟೆ ಯಾಕೆ ತೊಳಸುತ್ತದೆ?

[ಚಿತ್ರ: ಮೆದುಳಿನಿಂದ ಬೆನ್ನುಹುರಿ, ಅಲ್ಲಿಂದ ಹೃದಯ, ಹೊಟ್ಟೆ, ಚರ್ಮಕ್ಕೆ ಹೋಗುವ ನರಗಳು.]

ನಮ್ಮ ಅಪ್ಪಣೆಗೆ ಕಾಯದೆ ಕೆಲಸ ಮಾಡುವ ನರಗಳ ಜಾಲವೊಂದು ಮೈಯೊಳಗಿದೆ. ಅದರಲ್ಲಿ ಎರಡು ಮುಖ್ಯ ಭಾಗ. ಅಪಾಯ ಅನ್ನಿಸಿದಾಗ ಎದ್ದು ನಿಲ್ಲುವುದು ಸಿಂಪಥೆಟಿಕ್. ಹೆಸರಿನಲ್ಲಿ ಮಾತ್ರ ಸಿಂಪಥಿ, ಕೆಲಸದಲ್ಲಿ ಇಲ್ಲ! ಕಿಡ್ನಿಗಳ ನೆತ್ತಿಯ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗೆ ಅದು ಸುದ್ದಿ ಮುಟ್ಟಿಸುತ್ತದೆ. ಅಲ್ಲಿಂದ ಅಡ್ರಿನಲಿನ್ ಅನ್ನುವ ಹಾರ್ಮೋನ್ ರಕ್ತಕ್ಕೆ ಸೇರುತ್ತದೆ. ಹೃದಯ ಜೋರಾಗಿ ಬಡಿಯುತ್ತದೆ. ಯಕೃತ್ತು ಸಕ್ಕರೆ ಬಿಡುತ್ತದೆ. ಚರ್ಮದ ರಕ್ತನಾಳಗಳು ಕುಗ್ಗುತ್ತವೆ, ಅದಕ್ಕೇ ಕೈ ತಣ್ಣಗಾಗುವುದು.

ಹೊಟ್ಟೆ? ಆ ಹೊತ್ತಿಗೆ ಊಟ ಅರಗಿಸುವುದು ಯಾರಿಗೆ ಬೇಕು! ಜೊಲ್ಲು ಕಡಿಮೆ, ಹೊಟ್ಟೆಯ ಕೆಲಸವೂ ಬಂದ್. ಇದನ್ನು 1890ರ ದಶಕದ ಕೊನೆಯಲ್ಲಿ ಕಣ್ಣಾರೆ ಕಂಡವರು ಹಾರ್ವರ್ಡ್‌ನ ವಾಲ್ಟರ್ ಕ್ಯಾನನ್. ಆಗಿನ್ನೂ ಅವರು ವಿದ್ಯಾರ್ಥಿ. ಎಕ್ಸ್‌ರೇ ಆಗಷ್ಟೇ ಬಂದಿತ್ತು. ಬೆಕ್ಕಿಗೆ ಊಟ ಹಾಕಿ ಅದರ ಹೊಟ್ಟೆ ಹೇಗೆ ಅಲುಗುತ್ತದೆ ಅಂತ ಎಕ್ಸ್‌ರೇಯಲ್ಲಿ ನೋಡುತ್ತಿದ್ದರು. ಬೆಕ್ಕು ಗಾಬರಿಯಾದ ಕೂಡಲೇ ಹೊಟ್ಟೆ ಅಲುಗುವುದೇ ನಿಂತುಹೋಗುತ್ತಿತ್ತು. ‘ಟೆನ್ಶನ್‌ನಲ್ಲಿ ತಿಂದದ್ದು ಮೈಗೆ ಹತ್ತಲ್ಲ’ ಅಂತ ನಮ್ಮ ಮನೆಗಳಲ್ಲಿ ಹೇಳುತ್ತಾರಲ್ಲ, ಆ ಮಾತು ಪೂರ್ತಿ ಸುಳ್ಳಲ್ಲ.

ಅಡ್ರಿನಲಿನ್ ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಅದರ ಹಿಂದೆ ನಿಧಾನವಾಗಿ ಕಾರ್ಟಿಸಾಲ್ ಅನ್ನುವ ಇನ್ನೊಂದು ಹಾರ್ಮೋನ್ ಬರುತ್ತದೆ. ಅದನ್ನು ಖಳನಾಯಕ ಮಾಡಬೇಡಿ. ದಿನಾ ಬೆಳಗ್ಗೆ ನಾವು ಏಳುವ ಹೊತ್ತಿಗೆ ಅದು ಏರುತ್ತದೆ, ಮಧ್ಯರಾತ್ರಿಯ ಸುಮಾರಿಗೆ ತೀರಾ ಕಡಿಮೆ ಇರುತ್ತದೆ. ಇರಬೇಕಾದದ್ದೂ ಹಾಗೇ.

ತೊಂದರೆ ಇರುವುದು ಬೇರೆ ಕಡೆ. ಆಟೋ ಹೊರಟುಹೋಗುತ್ತದೆ. ರಾತ್ರಿ ಹತ್ತಕ್ಕೆ ಮ್ಯಾನೇಜರ್ ಕಳಿಸಿದ ‘ನಾಳೆ ಬೆಳಗ್ಗೆ ಮಾತಾಡಬೇಕು’ ಅನ್ನುವ ಮೆಸೇಜ್ ಹೋಗುವುದಿಲ್ಲ. ಇಎಂಐ ಹೋಗುವುದಿಲ್ಲ. ಊರಲ್ಲಿ ಒಬ್ಬರೇ ಇರುವ ಅಪ್ಪನ ಚಿಂತೆ ಹೋಗುವುದಿಲ್ಲ. ನೆನೆಸಿಕೊಂಡರೆ ಸಾಕು, ಮೈಯೊಳಗೆ ಅದೇ ಅಪಾಯದ ಗಂಟೆ ಮತ್ತೆ ಬಾರಿಸುತ್ತದೆ. ಕತ್ತು, ದವಡೆ ಬಿಗಿಯಾಗುತ್ತವೆ. ನಿದ್ದೆ ಕೆಡುತ್ತದೆ. ನಿದ್ದೆ ಕೆಟ್ಟರೆ ಮರುದಿನ ಸಣ್ಣದಕ್ಕೂ ಸಿಡುಕು.

[ಪರದೆಯ ಮೇಲೆ: ಆಗುಂಬೆ ಘಾಟಿಯ ತಿರುವು. ಇಳಿಯುತ್ತಿರುವ ಬಸ್ಸು.]

ಇನ್ನು ಆ ನರಜಾಲದ ಎರಡನೇ ಭಾಗ, ಮೈಯನ್ನು ಸಮಾಧಾನಕ್ಕೆ ತರುವ ಪ್ಯಾರಾಸಿಂಪಥೆಟಿಕ್. ಇದರ ದೊಡ್ಡ ನರದ ಹೆಸರು ವೇಗಸ್. ಮೆದುಳಿನ ಬುಡದಿಂದ ಕತ್ತಿಗುಂಟ ಇಳಿದು ಹೃದಯ, ಶ್ವಾಸಕೋಶ, ಕರುಳಿನ ತನಕ ಹೋಗುತ್ತದೆ. ಹೃದಯವನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ಸುಮ್ನೆ ಕೂತಾಗ 70ರ ಆಸುಪಾಸು ಇರುವುದು ವೇಗಸ್ ಹಿಡಿದಿಟ್ಟುಕೊಂಡಿರುವುದರಿಂದ. ಆಗುಂಬೆ ಘಾಟಿ ಇಳಿಯುವ ಡ್ರೈವರ್ ಬ್ರೇಕ್ ಮೇಲಿನ ಕಾಲು ಪೂರ್ತಿ ತೆಗೆಯುವುದಿಲ್ಲ ನೋಡಿ, ಹಾಗೆ.

ಈ ನರ ಹೃದಯಕ್ಕೆ ಹೇಗೆ ಹೇಳುತ್ತದೆ ಅಂತ ಪತ್ತೆಯಾದ ಕತೆ ನನಗೆ ಬಹಳ ಇಷ್ಟ. ಆಸ್ಟ್ರಿಯಾದ ಗ್ರಾಜ್ ಊರಿನಲ್ಲಿ ಆಟೋ ಲೋವಿ ಅಂತ ವಿಜ್ಞಾನಿ. (ಈ ಆಟೋ ಬೇರೆ!) ಒಂದು ರಾತ್ರಿ ನಿದ್ದೆಯಲ್ಲಿ ಐಡಿಯಾ ಹೊಳೆಯಿತು, ಎದ್ದು ಚೀಟಿಯಲ್ಲಿ ಗೀಚಿಕೊಂಡರು. ಬೆಳಗ್ಗೆ ನೋಡಿದರೆ ತನ್ನ ಅಕ್ಷರ ತನಗೇ ಓದಲು ಬರಲಿಲ್ಲ. ಮರುದಿನ ರಾತ್ರಿ ಮೂರು ಗಂಟೆಗೆ ಅದೇ ಐಡಿಯಾ ಮತ್ತೆ ಬಂತು. ಈ ಸಲ ನೇರವಾಗಿ ಲ್ಯಾಬ್‌ಗೆ ಓಡಿದರು. ಒಂದು ಕಪ್ಪೆಯ ಹೃದಯದ ವೇಗಸ್ ನರವನ್ನು ಕೆರಳಿಸಿದರು. ಬಡಿತ ನಿಧಾನವಾಯಿತು. ಆ ಹೃದಯವಿದ್ದ ದ್ರವವನ್ನು ತೆಗೆದು ಇನ್ನೊಂದು ಹೃದಯಕ್ಕೆ ಹಾಕಿದರು. ಅದೂ ನಿಧಾನವಾಯಿತು! ನರದಿಂದ ಏನೋ ರಾಸಾಯನಿಕ ಹೊರಬರುತ್ತದೆ ಅಂತ ಗೊತ್ತಾಯಿತು. 1921ರಲ್ಲಿ ಪ್ರಕಟಿಸಿದರು, 1936ರಲ್ಲಿ ನೊಬೆಲ್ ಬಂತು. ಆ ರಾಸಾಯನಿಕವೇ ಅಸಿಟೈಲ್‌ಕೋಲಿನ್.

ಈಗ ನಿಮ್ಮ ಮಣಿಕಟ್ಟಿನ ನಾಡಿಯ ಮೇಲೆ ಎರಡು ಬೆರಳಿಡಿ. ನಿಧಾನವಾಗಿ ಉಸಿರು ಎಳೆಯಿರಿ. ಇನ್ನೂ ನಿಧಾನವಾಗಿ ಬಿಡಿ. ಎಳೆಯುವಾಗ ನಾಡಿ ಚೂರು ಚುರುಕು, ಬಿಡುವಾಗ ಚೂರು ನಿಧಾನ. ವಯಸ್ಸಾದವರಲ್ಲಿ ಈ ವ್ಯತ್ಯಾಸ ಕಡಿಮೆ, ಸಿಗದಿದ್ದರೆ ಗಾಬರಿ ಬೇಡ. ಉಸಿರು ಬಿಡುವಾಗ ವೇಗಸ್ ಬ್ರೇಕ್ ಒತ್ತುತ್ತದೆ. ಹೃದಯಕ್ಕೆ ‘ನಿಧಾನ’ ಅಂತ ಆರ್ಡರ್ ಮಾಡಲು ನಮಗೆ ಬರುವುದಿಲ್ಲ, ಆದರೆ ಉಸಿರು ನಮ್ಮ ಮಾತು ಕೇಳುತ್ತದೆ.

2001ರಲ್ಲಿ ಇಟಲಿಯ ಸಂಶೋಧಕರು ಕೆಲವರಿಂದ ಲ್ಯಾಟಿನ್ ಜಪಮಾಲೆ ಪ್ರಾರ್ಥನೆ ಮತ್ತು ‘ಓಂ ಮಣಿ ಪದ್ಮೇ ಓಂ’ ಮಂತ್ರ ಹೇಳಿಸಿ ಅಳೆದರು. ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಸುಮಾರು 6ಕ್ಕೆ ಇಳಿದಿತ್ತು. ನಾವು ಸಾಮಾನ್ಯವಾಗಿ ಉಸಿರಾಡುವುದು 12ರಿಂದ 20 ಸಲ.

ನಮ್ಮಜ್ಜಿ ತುಂಬಿದ ಕೊಡ ಇಳಿಸಿ, ಜಗಲಿಯ ಮೇಲೆ ಕೂತು, ‘ಉಸ್ಸಪ್ಪಾ’ ಅನ್ನುತ್ತಿದ್ದರು. ಹೇಳಿ ನೋಡಿ. ಉಸಿರು ಬಿಡದೆ ಆ ಪದ ಹೇಳುವುದಕ್ಕೇ ಆಗುವುದಿಲ್ಲ, ಅಲ್ವಾ?

ಉಸಿರಿನಿಂದ ಇಎಂಐ ಕಟ್ಟಲು ಆಗಲ್ಲ, ಅದು ನನಗೂ ಗೊತ್ತು. ಎದೆ ನೋವು ಬಂದರೆ ‘ಟೆನ್ಶನ್ ಇರಬೇಕು’ ಅಂತ ಮನೆಯಲ್ಲಿ ಕೂರಬೇಡಿ, ಮೊದಲು ಆಸ್ಪತ್ರೆಗೆ ಹೋಗಿ. ವಾರಗಟ್ಟಲೆ ನಿದ್ದೆ ಇಲ್ಲ, ಯಾವುದೂ ಬೇಡ ಅನ್ನಿಸುತ್ತಿದೆ ಅಂದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಮುಂದಿನ ವಾರ, ರಾತ್ರಿ ಮೂರಕ್ಕೆ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದವರ ಕತೆ. ಲೋವಿ ಥರ ಲ್ಯಾಬ್‌ಗೆ ಓಡುವವರದ್ದಲ್ಲ, ಫ್ಯಾನ್ ನೋಡುತ್ತಾ ಮಲಗುವ ನಮ್ಮಂಥವರದ್ದು.