ಈದ್‌ನ ಮರುದಿನದಿಂದ

ಕೇಳುಗರೆಲ್ಲರಿಗೂ ನಮಸ್ಕಾರ, ಅಸ್ಸಲಾಮು ಅಲೈಕುಮ್.

ರಂಜಾನ್ ಮುಗಿದು, ಈದ್ಗಾದಲ್ಲಿ ನಮಾಜ್ ಆಗಿ, ಬಂಧುಬಳಗದ ಮನೆಗಳಲ್ಲಿ ಸುರ್ಕುಂಬಾ ಕುಡಿದು ಬಂದ ಮೇಲೆ ನಮ್ಮ ಮಸೀದಿಗಳಲ್ಲಿ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಬಾಯಿಬಿಟ್ಟು ಹೇಳುವವರು ಮಾತ್ರ ಕಡಿಮೆ. ರಂಜಾನಿನ ಇಪ್ಪತ್ತೇಳನೆಯ ರಾತ್ರಿ ಒಳಗೆ ಜಾಗ ಸಾಲದೆ ಬೀದಿಯವರೆಗೂ ಜಮಖಾನೆ ಹಾಸಿದ್ದ ಮಸೀದಿಯಲ್ಲಿ, ಹಬ್ಬದ ಮರುದಿನದ ಫಜ್ರ್, ಅಂದರೆ ನಸುಕಿನ, ನಮಾಜಿಗೆ ಒಂದೂವರೆ ಸಾಲು ತುಂಬಿದರೆ ಹೆಚ್ಚು. ನಮಾಜಿಗೆ ಮೊದಲು ಕೈಕಾಲು ಮುಖ ತೊಳೆದು ವುಜೂ ಮಾಡುವ ನಲ್ಲಿಗಳ ಮುಂದೆ ಸರದಿಗಾಗಿ ಕಾಯುವವರಿಲ್ಲ, ಹೆಚ್ಚುವರಿ ಜಮಖಾನೆಗಳು ಸುರುಳಿಯಾಗಿ ಮೂಲೆ ಸೇರಿವೆ, ಮೊದಲ ಸಾಲಿನಲ್ಲಿ ವರ್ಷವಿಡೀ ನಿಲ್ಲುವ ಅದೇ ಹಿರಿಯರು ನಿಂತಿದ್ದಾರೆ. ರಾಯಚೂರಿನ ಏಕ್ ಮಿನಾರ್ ಮಸೀದಿ 1513ರಲ್ಲಿ ಕಟ್ಟಿದ್ದು; ಅದು ಐನೂರಕ್ಕೂ ಹೆಚ್ಚು ರಂಜಾನ್‌ಗಳನ್ನು ಕಂಡಿದೆ. ಬಹಮನಿ ಸುಲ್ತಾನರ ಕಾಲದಲ್ಲಿಯೂ ಹಬ್ಬದ ಮರುದಿನದ ಬೆಳಗು ಹೀಗೆಯೇ ಇದ್ದಿರಬಹುದೆಂದು ನನಗೆ ಅನುಮಾನ.

ಯಾರನ್ನೂ ದೂರುವುದಕ್ಕಾಗಿ ಈ ಮಾತು ಹೇಳುತ್ತಿಲ್ಲ. ರಂಜಾನಿನಲ್ಲಿ ನಾವು ಒಬ್ಬೊಬ್ಬರೇ ಉಪವಾಸ ಮಾಡುವುದಿಲ್ಲ. ಓಣಿಗೆ ಓಣಿಯೇ ರೋಜಾ ಇರುತ್ತದೆ. ಸಹರಿಗೆ, ಅಂದರೆ ನಸುಕಿಗೆ ಮುಂಚಿನ ಊಟಕ್ಕೆ, ಎಬ್ಬಿಸಲು ಮೈಕಿನ ಕೂಗು ಇದೆ, ಅಡುಗೆಮನೆಯಲ್ಲಿ ತಾಯಿ ಆಗಲೇ ಎದ್ದಿದ್ದಾಳೆ, ಸಂಜೆ ಖರ್ಜೂರದ ತಟ್ಟೆ ಪಕ್ಕದ ಮನೆಯಿಂದ ಬರುತ್ತದೆ, ರಾತ್ರಿಯ ತರಾವೀಹ್ ನಮಾಜಿನಲ್ಲಿ ಕುರ್‌ಆನ್ ಬಾಯಿಪಾಠ ಬಲ್ಲ ಹಾಫಿಜ್ ಸಾಹೇಬರು ಓದುವುದನ್ನು ನಿಂತು ಕೇಳಿದರೆ ಸಾಕು. ರಂಜಾನಿನ ಮುಂದಿನ ತಿಂಗಳಾದ ಶವ್ವಾಲಿನಲ್ಲಿ ಈ ಆಸರೆಗಳೆಲ್ಲ ಒಂದೇ ದಿನದಲ್ಲಿ ಸರಿದುಹೋಗುತ್ತವೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಹುಡುಗನಿಗೆ ತುಂಡಿನ ಲೆಕ್ಕದ ಕೆಲಸ ಕಾದಿರುತ್ತದೆ, ಶಕ್ತಿನಗರದ ವಿದ್ಯುತ್ ಸ್ಥಾವರದ ನೌಕರನಿಗೆ ರಾತ್ರಿ ಪಾಳಿ ಬರುತ್ತದೆ, ಗಂಗಾವತಿಯ ಅಕ್ಕಿ ಗಿರಣಿಯ ಹಮಾಲಿಗೆ ಮೂಟೆ ಹೊತ್ತಷ್ಟೇ ಕೂಲಿ. ಆದ್ದರಿಂದ ರಂಜಾನಿನ ಪೂರ್ಣ ದಿನಚರಿಯನ್ನು ಉಳಿದ ಹನ್ನೊಂದು ತಿಂಗಳಿಗೂ ಎಳೆದುಕೊಂಡು ಹೋಗುತ್ತೇನೆಂದು ಪಣ ತೊಡುವವನು ಒಂದು ವಾರದಲ್ಲಿ ಸೋಲುತ್ತಾನೆ, ಸೋತವನು ಎಲ್ಲವನ್ನೂ ಒಟ್ಟಿಗೇ ಕೈಬಿಡುತ್ತಾನೆ. ನಮ್ಮ ಹಿರಿಯರು ಆರಂಭಶೂರತ್ವ ಎಂದದ್ದು ಇದಕ್ಕೇ.

ಉಪವಾಸವನ್ನು ಕಡ್ಡಾಯಗೊಳಿಸಿದ ಕುರ್‌ಆನಿನ ವಚನ, ಎರಡನೆಯ ಅಧ್ಯಾಯದ 183ನೆಯದು, ಅದರ ಉದ್ದೇಶವನ್ನೂ ಅಲ್ಲಿಯೇ ಹೇಳಿಬಿಡುತ್ತದೆ: ನಿಮ್ಮಲ್ಲಿ ತಖ್ವಾ, ಅಂದರೆ ದೇವನ ಎಚ್ಚರ, ಬೆಳೆಯಲಿ ಎಂದು. ಈ ಎಚ್ಚರಕ್ಕೆ ಅಲ್ಲಿ ತಿಂಗಳಿನ ಗಡಿ ಹಾಕಿಲ್ಲ. ಹದಿನಾರನೆಯ ಅಧ್ಯಾಯದಲ್ಲಿ, ಕೊಟ್ಟ ಮಾತನ್ನು ಉಳಿಸಿಕೊಳ್ಳುವ ವಿಷಯ ಬಂದಾಗ, ಇನ್ನೊಂದು ಎಚ್ಚರಿಕೆಯಿದೆ: ಗಟ್ಟಿಯಾಗಿ ನೂಲು ತೆಗೆದು, ಆಮೇಲೆ ಅದನ್ನು ತಾನೇ ಎಳೆ ಎಳೆಯಾಗಿ ಬಿಚ್ಚಿ ಹಾಕಿದ ಹೆಂಗಸಿನಂತೆ ಆಗಬೇಡಿ. ಎರೆಹೊಲಗಳಲ್ಲಿ ಹತ್ತಿ ಬೆಳೆಯುವ ರಾಯಚೂರು ಸೀಮೆಯವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಹತ್ತಿ ಬಿಡಿಸಿ, ಹಿಂಜಿ, ನೂಲಾಗುವವರೆಗೆ ಎಷ್ಟು ಕೈಗಳು ದುಡಿಯುತ್ತವೆ ಎಂಬುದನ್ನು ಬಲ್ಲವರು ನಾವು.

ಹಾಗಾದರೆ ಎಷ್ಟನ್ನು ಉಳಿಸಿಕೊಳ್ಳಬೇಕು? ಈ ಪ್ರಶ್ನೆಗೆ ಪ್ರವಾದಿ ಮುಹಮ್ಮದರ ಸಹಚರ ಅಬ್ದುಲ್ಲಾ ಬಿನ್ ಅಮ್ರ್ ಅವರ ಪ್ರಸಂಗಕ್ಕಿಂತ ಒಳ್ಳೆಯ ಉತ್ತರ ನನಗೆ ಕಂಡಿಲ್ಲ. ಪ್ರವಾದಿಯವರ ನುಡಿ ನಡೆಗಳ ವರದಿಗಳನ್ನು ಹದೀಸ್ ಎನ್ನುತ್ತಾರೆ; ಇಮಾಮ್ ಬುಖಾರಿಯವರ ಹದೀಸ್ ಸಂಗ್ರಹದಲ್ಲಿ ಅದು ಹಲವು ಕಡೆ ಬರುತ್ತದೆ. ಅಬ್ದುಲ್ಲಾ ಆಗ ಯುವಕರು. ಪ್ರತಿದಿನವೂ ಉಪವಾಸ, ರಾತ್ರಿಯೆಲ್ಲ ನಮಾಜ್. ಸುದ್ದಿ ತಿಳಿದ ಪ್ರವಾದಿಯವರು ಅವರನ್ನು ಹೊಗಳಲಿಲ್ಲ, ತಡೆದರು. ನಿನ್ನ ದೇಹಕ್ಕೆ ನಿನ್ನ ಮೇಲೆ ಹಕ್ಕಿದೆ, ನಿನ್ನ ಕಣ್ಣಿಗೆ ಹಕ್ಕಿದೆ, ಹೆಂಡತಿಗೆ ಹಕ್ಕಿದೆ, ಮನೆಗೆ ಬಂದ ಅತಿಥಿಗೂ ಹಕ್ಕಿದೆ, ತಿಂಗಳಿಗೆ ಮೂರು ದಿನ ಉಪವಾಸ ಮಾಡಿದರೆ ಸಾಕು ಎಂದರು. ಅಬ್ದುಲ್ಲಾ, ನನಗೆ ಇನ್ನೂ ಶಕ್ತಿಯಿದೆ ಎಂದು ಪಟ್ಟು ಹಿಡಿದರು. ಚೌಕಾಸಿ ಮುಂದುವರಿದು ಕೊನೆಗೆ ಒಂದು ದಿನ ಉಪವಾಸ, ಒಂದು ದಿನ ಬಿಡುವು ಎಂಬ ಪ್ರವಾದಿ ದಾವೂದರ ಕ್ರಮಕ್ಕೆ ಬಂದು ನಿಂತಿತು. ವರ್ಷಗಳು ಉರುಳಿದವು. ಮುದಿತನ ಬಂದಾಗ ಅಬ್ದುಲ್ಲಾ, ಅಂದು ಪ್ರವಾದಿಯವರು ಕೊಟ್ಟ ರಿಯಾಯಿತಿಯನ್ನು ಒಪ್ಪಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಹಂಬಲಿಸಿದರಂತೆ. ಹಾಗೆಂದು ಹಿಡಿದದ್ದನ್ನು ಬಿಡಲೂ ಅವರ ಮನಸ್ಸು ಒಪ್ಪಲಿಲ್ಲ. ರಾತ್ರಿ ನಮಾಜಿಗೆ ಏಳುತ್ತಿದ್ದು ಆಮೇಲೆ ಬಿಟ್ಟುಬಿಟ್ಟ ಇಂಥವನಂತೆ ಆಗಬೇಡ ಎಂದು ಪ್ರವಾದಿಯವರು ಹೇಳಿದ್ದೂ ಇದೇ ಅಬ್ದುಲ್ಲಾರಿಗೆ. ಪ್ರವಾದಿಯವರ ಪತ್ನಿ ಹಜ್ರತ್ ಆಯಿಷಾ ಅವರಿಂದ ಬಂದ ಹದೀಸ್ ಇದನ್ನೇ ನೇರವಾಗಿ ಹೇಳುತ್ತದೆ: ಅಲ್ಲಾಹನಿಗೆ ಅತ್ಯಂತ ಪ್ರಿಯವಾದ ಕರ್ಮವೆಂದರೆ ಅಲ್ಪವಾದರೂ ನಿರಂತರವಾಗಿ ನಡೆಯುವಂಥದ್ದು.

ಈ ಅಲ್ಪದ ಲೆಕ್ಕ ಎಷ್ಟು ದೂರ ಒಯ್ಯುತ್ತದೆ ಎಂಬುದನ್ನು ಕುರ್‌ಆನ್ ಓದಿನಲ್ಲಿ ನೋಡಬಹುದು. ಮದೀನಾದಲ್ಲಿ ಮುದ್ರಣವಾಗುವ ಪ್ರತಿಯಲ್ಲಿ 604 ಪುಟಗಳಿವೆ. ಫಜ್ರ್ ಆದ ಮೇಲೆ ದಿನಕ್ಕೆ ಎರಡು ಪುಟದಂತೆ ಓದಿದರೆ 302 ದಿನಗಳಲ್ಲಿ ಒಂದು ಸುತ್ತು ಮುಗಿಯುತ್ತದೆ. ಚಾಂದ್ರಮಾನದ ವರ್ಷ ಸುಮಾರು 354 ದಿನಗಳದ್ದಾದ್ದರಿಂದ, ಜ್ವರ, ಪ್ರಯಾಣ, ಮದುವೆ ಎಂದು ಒಂದಿಷ್ಟು ದಿನ ತಪ್ಪಿದರೂ ಮುಂದಿನ ರಂಜಾನಿಗೆ ಮೊದಲೇ ಓದು ಪೂರ್ತಿಯಾಗುತ್ತದೆ. ಅರಬ್ಬಿ ಓದಲು ಬಂದರೂ ಅರ್ಥ ತಿಳಿಯದವರು ನಮ್ಮಲ್ಲಿ ಬಹಳ ಮಂದಿ. ಅಂಥವರು ಎರಡರಲ್ಲಿ ಒಂದು ಪುಟವನ್ನು ಬಿಟ್ಟು, ಆ ಹೊತ್ತಿನಲ್ಲಿ ಓದಿದ ಪುಟದ ಕನ್ನಡ ಇಲ್ಲವೆ ಉರ್ದು ಅನುವಾದವನ್ನು ನೋಡಲಿ. ಸುತ್ತು ಮುಗಿಯುವುದು ತಡವಾಗಬಹುದು, ಅದರಿಂದ ನಷ್ಟವೇನೂ ಇಲ್ಲ.

ಇನ್ನು ಶವ್ವಾಲಿನ ಆರು ರೋಜಾಗಳು. ರಂಜಾನಿನ ಉಪವಾಸದ ಬೆನ್ನಿಗೆ ಶವ್ವಾಲಿನಲ್ಲಿ ಆರು ದಿನ ಉಪವಾಸ ಮಾಡಿದವನು ಕಾಲವೆಲ್ಲ ಉಪವಾಸ ಮಾಡಿದಂತೆ ಎಂಬ ಹದೀಸ್ ಸಹಚರ ಅಬೂ ಅಯ್ಯೂಬ್ ಅನ್ಸಾರಿಯವರ ಮೂಲಕ ಇಮಾಮ್ ಮುಸ್ಲಿಮರ ಹದೀಸ್ ಸಂಗ್ರಹದಲ್ಲಿದೆ. ಒಂದು ಒಳಿತಿಗೆ ಹತ್ತರಷ್ಟು ಪ್ರತಿಫಲವೆಂದು ಲೆಕ್ಕ ಹಾಕಿದರೆ ಮೂವತ್ತಕ್ಕೆ ಮುನ್ನೂರು, ಆರಕ್ಕೆ ಅರವತ್ತು, ವರ್ಷ ತುಂಬಿತು. ಈದ್‌ನ ದಿನ ಮಾತ್ರ ಉಪವಾಸ ನಿಷಿದ್ಧ. ಮರುದಿನದಿಂದ ಒಂದೇ ಸಮನೆ ಇಡಬಹುದು, ಬಿಟ್ಟು ಬಿಟ್ಟೂ ಇಡಬಹುದು. ಇವನ್ನು ಇಡದವರನ್ನು ಕಂಡು ಮೂಗು ಮುರಿಯುವವರು ಒಂದು ವಿಷಯ ತಿಳಿದಿರಬೇಕು: ಮದೀನಾದಲ್ಲಿಯೇ ಬಾಳಿದ, ಇಸ್ಲಾಮಿನ ಧರ್ಮಶಾಸ್ತ್ರದ ಹಿರಿಯ ವಿದ್ವಾಂಸರಾದ ಇಮಾಮ್ ಮಾಲಿಕರು, ತಾವು ಕಂಡ ವಿದ್ವಾಂಸರು ಈ ಉಪವಾಸ ಇಡುತ್ತಿರಲಿಲ್ಲವೆಂದೂ, ತಿಳಿಯದ ಜನ ಇದನ್ನು ಕಡ್ಡಾಯದ ರಂಜಾನಿಗೆ ಜೋಡಿಸಿಬಿಟ್ಟಾರೆಂಬ ಅಂಜಿಕೆ ಅವರಿಗಿತ್ತೆಂದೂ ಬರೆದಿಟ್ಟಿದ್ದಾರೆ. ಹೆಚ್ಚಿನ ವಿದ್ವಾಂಸರು ಈ ರೋಜಾಗಳನ್ನು ಪುಣ್ಯಕರವೆಂದೇ ಒಪ್ಪುತ್ತಾರೆ, ನಾನೂ ಒಪ್ಪುತ್ತೇನೆ. ಆದರೆ ಐಚ್ಛಿಕವಾದದ್ದು ಐಚ್ಛಿಕವಾಗಿಯೇ ಇರಬೇಕು.

ಈ ಸಂದರ್ಭದಲ್ಲಿ ಮನೆಯ ಹೆಣ್ಣುಮಕ್ಕಳ ಮಾತನ್ನು ಸ್ವಲ್ಪ ವಿಸ್ತಾರವಾಗಿ ಆಡಬೇಕಾಗಿದೆ. ಮುಟ್ಟಿನ ದಿನಗಳಲ್ಲಿ ಬಿಟ್ಟ ಉಪವಾಸಗಳನ್ನು ಅವರು ರಂಜಾನ್ ಆದ ಮೇಲೆ ಖಜಾ ರೋಜಾ ಆಗಿ ತೀರಿಸಬೇಕು. ರಂಜಾನಿನಲ್ಲಿ ಇಡೀ ಮನೆ ಜೊತೆಗಿತ್ತು; ಖಜಾ ಇಡುವ ದಿನ ಆಕೆ ಒಬ್ಬಳೇ. ರಂಜಾನ್ ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ; 2025ರಲ್ಲಿ ನಮ್ಮಲ್ಲಿ ಈದ್ ಬಂದದ್ದು ಮಾರ್ಚ್ 31ಕ್ಕೆ, ಅಂದರೆ ಖಜಾ ಇಡಲು ಸಿಕ್ಕದ್ದು ರಾಯಚೂರಿನ ಏಪ್ರಿಲ್ ಮತ್ತು ಮೇ. ಕಲ್ಲು ಕಾಯುವ ಆ ಬಿಸಿಲಿನಲ್ಲಿ, ಗಂಟಲು ಒಣಗಿದ್ದರೂ ಒಲೆಯ ಮುಂದೆ ನಿಂತು ಮಧ್ಯಾಹ್ನ ಗಂಡನಿಗೂ ಮಕ್ಕಳಿಗೂ ರೊಟ್ಟಿ ಬಡಿದು ಬಡಿಸುವ ಹೆಂಗಸಿನ ರೋಜಾವನ್ನು ಮನೆಯವರು ಗಮನಿಸುವುದೇ ಅಪರೂಪ. ಆಕೆಯೂ ಸಂಕೋಚದಿಂದ ಹೇಳಿಕೊಳ್ಳುವುದಿಲ್ಲ. ನನ್ನ ದೃಷ್ಟಿಯಲ್ಲಿ ಶವ್ವಾಲಿನ ಅತ್ಯಂತ ಕಷ್ಟದ ಉಪವಾಸ ಅದೇ. ಗಂಡಸರು ಆ ದಿನ ಸಹರಿಗೆ ತಾವೂ ಎದ್ದು ಚಹಾ ಕಾಯಿಸಿ ಕೊಡಲಿ, ಮಧ್ಯಾಹ್ನದ ಅಡುಗೆಯ ಹೊರೆ ಇಳಿಸಲಿ, ಸಾಧ್ಯವಾದರೆ ಜೊತೆಗೆ ತಾವೂ ಒಂದು ನಫಿಲ್, ಅಂದರೆ ಐಚ್ಛಿಕ, ರೋಜಾ ಇಡಲಿ. ಖಜಾ ಉಪವಾಸಕ್ಕೆ ಅವಸರವೂ ಇಲ್ಲ: ಹಜ್ರತ್ ಆಯಿಷಾ ಅವರು ತಮ್ಮ ಮೇಲೆ ಉಳಿದಿದ್ದ ರೋಜಾಗಳನ್ನು ಮುಂದಿನ ರಂಜಾನಿಗೆ ಮುಂಚಿನ ಶಾಬಾನ್ ತಿಂಗಳಲ್ಲಿ ತೀರಿಸಿದ ಉಲ್ಲೇಖವಿದೆ. ಖಜಾ ಮೊದಲೋ ಆರು ರೋಜಾ ಮೊದಲೋ ಎಂಬಲ್ಲಿ ಉಲಮಾಗಳ ಅಭಿಪ್ರಾಯ ಒಂದೇ ತೆರನಾಗಿಲ್ಲ. ನಿಮ್ಮ ಮೌಲಾನಾ ಅವರನ್ನು ಕೇಳಿ ನಡೆಯಿರಿ.

ಹೊಟ್ಟೆಯ ಉಪವಾಸದ ಮಾತಾಯಿತು. ಸುಳ್ಳಾಡುವುದನ್ನೂ ಅದರಂತೆ ನಡೆಯುವುದನ್ನೂ ಬಿಡದವನು ಅನ್ನನೀರು ಬಿಡುವುದು ಅಲ್ಲಾಹನಿಗೆ ಬೇಕಾಗಿಲ್ಲ ಎಂಬ ಹದೀಸನ್ನು ರಂಜಾನಿನ ಪ್ರವಚನಗಳಲ್ಲಿ ನಾವೆಲ್ಲ ಕೇಳಿದ್ದೇವೆ. ಆ ತಿಂಗಳಲ್ಲಿ ಅನೇಕ ವ್ಯಾಪಾರಿಗಳು ತಕ್ಕಡಿಯ ವಿಷಯದಲ್ಲಿಯೂ ನಾಲಿಗೆಯ ವಿಷಯದಲ್ಲಿಯೂ ನಿಜಕ್ಕೂ ಬಿಗಿಯಾಗಿರುತ್ತಾರೆ, ರೋಜಾದಲ್ಲಿದ್ದೇನೆ ಸುಳ್ಳು ಹೇಳಿಸಬೇಡಿ ಎನ್ನುತ್ತಾರೆ. ಹಬ್ಬ ಕಳೆದ ಮೇಲೆ ಈ ಬಿಗಿ ಸಡಿಲವಾಗಬೇಕಾದ ಕಾರಣವೇನು? ಪ್ರವಾದಿಯವರು ಒಮ್ಮೆ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಗುಲಿತು. ಇದೇನೆಂದು ಕೇಳಿದರೆ, ಮಳೆಗೆ ನೆನೆಯಿತು ಎಂದ ಮಾರುವವನು. ಹಾಗಿದ್ದರೆ ಕೊಳ್ಳುವವರಿಗೆ ಕಾಣುವಂತೆ ಅದನ್ನು ಮೇಲೆ ಇಡಬಾರದಿತ್ತೇ, ಮೋಸ ಮಾಡುವವನು ನಮ್ಮವನಲ್ಲ ಎಂದರು. ಭತ್ತ ಹತ್ತಿಗಳ ತೇವದ ಮೇಲೆ ದರ ಏರಿಳಿಯುವ ಮಾರುಕಟ್ಟೆಗಳು ರಾಯಚೂರು, ಬಳ್ಳಾರಿ, ಕೊಪ್ಪಳ ಎಂಬ ನಮ್ಮ ಮೂರೂ ಜಿಲ್ಲೆಗಳಲ್ಲಿವೆ. ಅಲ್ಲಿ ಮಾರುವವರು, ಕೊಳ್ಳುವವರು, ತೂಗುವವರು ಯಾವ ಧರ್ಮದವರಾದರೂ ಈ ಹದೀಸಿನ ಅರ್ಥವನ್ನು ಬೇರೆಯವರಿಂದ ಕೇಳಿ ತಿಳಿಯಬೇಕಾಗಿಲ್ಲ. ರಂಜಾನಿನಲ್ಲಿ ಗಳಿಸಿದ್ದು ಉಳಿದಿದೆಯೇ ಎಂದು ನೋಡಲು ಮಸೀದಿಯ ಸಾಲುಗಳನ್ನು ಎಣಿಸುವುದಕ್ಕಿಂತ ಅಂಗಡಿಯ ತಕ್ಕಡಿಯನ್ನೂ, ಹಮಾಲಿಯ ಕೂಲಿ ಕೊಟ್ಟ ದಿನವನ್ನೂ ನೋಡುವುದು ಮೇಲು ಎಂದು ನಾನು ತಿಳಿಯುತ್ತೇನೆ.

ಕೊನೆಯದಾಗಿ ದಾನದ ವಿಷಯ. ನಮ್ಮಲ್ಲಿ ಕಡ್ಡಾಯದ ವಾರ್ಷಿಕ ದಾನವಾದ ಜಕಾತ್, ಈದ್‌ನ ದಾನವಾದ ಫಿತ್ರಾ, ಇಷ್ಟದಂತೆ ಕೊಡುವ ಸದಕಾ ಎಲ್ಲವೂ ರಂಜಾನಿನ ಕೊನೆಯ ಹತ್ತು ದಿನಗಳಲ್ಲಿ ಒಮ್ಮೆಲೇ ಹರಿಯುತ್ತವೆ. ಫಿತ್ರಾವನ್ನು ಈದ್‌ನ ನಮಾಜಿಗೆ ಮೊದಲೇ ಕೊಡಬೇಕೆಂಬುದು ಸರಿ. ಆದರೆ ಶೇಕಡ 2.5ರ ಜಕಾತಿಗೆ ರಂಜಾನ್ ಎಂಬ ಕಟ್ಟುಪಾಡಿಲ್ಲ. ನಿಸಾಬ್ ಎಂಬ ಕನಿಷ್ಠ ಮಿತಿಯಷ್ಟು ಸಂಪತ್ತಿನ ಮೇಲೆ ಚಾಂದ್ರಮಾನದ ಒಂದು ವರ್ಷ ಕಳೆದಾಗ ಅದು ಸಲ್ಲಬೇಕಾದದ್ದು. ಸದಕಾಕ್ಕಂತೂ ತಿಥಿಯೇ ಇಲ್ಲ, ಅರ್ಧ ಖರ್ಜೂರವಾದರೂ ಸರಿ ಎಂದಿದ್ದಾರೆ ಪ್ರವಾದಿಯವರು. ಬಡವರ ಖರ್ಚು ನಮ್ಮ ಪಂಚಾಂಗ ನೋಡಿ ಬರುವುದಿಲ್ಲ. ಜೂನ್ ತಿಂಗಳಲ್ಲಿ ಶಾಲೆಯ ಪುಸ್ತಕ, ಚೀಲ, ಶುಲ್ಕ ಒಂದು ಕಡೆ, ಮುಂಗಾರಿನ ಬೀಜ ಗೊಬ್ಬರ ಇನ್ನೊಂದು ಕಡೆ. ಬಡ್ಡಿಯ ಸಾಲ ಹುಟ್ಟುವ ಹೊತ್ತು ಅದು. ಓಣಿಯ ನಾಲ್ಕು ಮನೆಯವರು ಸೇರಿ ಈಗಿನಿಂದಲೇ ವಾರವಾರ ಕೈಲಾದಷ್ಟನ್ನು ಒಬ್ಬರ ಬಳಿ ಕೂಡಿಡಬಹುದು. ಶಾಲೆ ಬಿಟ್ಟುಬಿಡುವ ಅಂಚಿನಲ್ಲಿರುವ ಮಕ್ಕಳು ಯಾರೆಂದು ಓಣಿಯವರಿಗೆ ಗೊತ್ತೇ ಇರುತ್ತದೆ. ಅವರ ಮನೆಯವರು ಬಂದು ಕೇಳುವ ಮೊದಲೇ, ಮುಸ್ಲಿಮರು, ಮುಸ್ಲಿಮೇತರರು ಎಂದು ನೋಡದೆ, ಆ ಹೆಸರುಗಳನ್ನು ಬರೆದಿಟ್ಟುಕೊಂಡರೆ ಶಾಲೆ ತೆರೆಯುವ ದಿನ ಹಣ ಸರಿಯಾದ ಕೈಗೆ ಸೇರುತ್ತದೆ.